ಸೋಮವಾರದ ಮೂರು ಡಿಗ್ರಿ

ಎಂಬತ್ತರ ದಶಕದ ನಡುವೆ ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಕಾಲೇಜಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಗೋಡೆಯ ದಪ್ಪ, ಮಾಳಿಗೆಯ ಮಣ್ಣು, ಹೊರಗಿನ ಬಿಸಿಲು ಇಷ್ಟನ್ನು ಕೊಟ್ಟರೆ ಮನೆಯೊಳಗಿನ ಉಷ್ಣತೆ ಗಂಟೆ ಗಂಟೆಗೂ ಎಷ್ಟೆಷ್ಟು ಎಂದು ಹೇಳುವ ಪ್ರೋಗ್ರಾಂ ಬರೆದೆ. ಅದನ್ನು ಪರೀಕ್ಷಿಸಲು ಯರಗುಪ್ಪಿ ಎಂಬ ಹಳ್ಳಿಯ ಒಂದು ಮಣ್ಣಿನ ಮಾಳಿಗೆಯ ಮನೆಯ ಪಡಸಾಲೆಯಲ್ಲಿ ಥರ್ಮಾಮೀಟರ್ ತೂಗುಹಾಕಿದೆ.

ಓದಿ ಬರೆದಿಡುವ ಕೆಲಸ ಆ ಮನೆಯ ಸೊಸೆಯದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕುವವಳಿದ್ದಳು. ಅದರೊಡನೆ ಇಡಲು ನನ್ನದೊಂದು ಶಿಫಾರಸು ಪತ್ರ ಕೇಳಿದ್ದಳು. ಕೆಲಸ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದೆ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ ಅವಳು ಬರೆದಿಟ್ಟ ವಹಿ ನೋಡಿ, ನಾಲ್ಕರ ಬಸ್ಸಿಗೆ ಮರಳುತ್ತಿದ್ದೆ. ಈ ಕ್ರಮ ಒಮ್ಮೆಯೂ ತಪ್ಪಲಿಲ್ಲ.

ಲೆಕ್ಕವೂ ಅಳತೆಯೂ ಒಂದು ಡಿಗ್ರಿಯೊಳಗೆ ಹೊಂದುತ್ತಿದ್ದವು, ಸೋಮವಾರ ಬಿಟ್ಟು. ಅಂದು ಮಧ್ಯಾಹ್ನ ಎರಡಕ್ಕೆ ಅವಳ ಅಂಕಿ ಮೂರು ಡಿಗ್ರಿ ಮೇಲಿರುತ್ತಿತ್ತು. ಮಾಳಿಗೆಯ ದಪ್ಪ ಮತ್ತೆ ಅಳೆದೆ. ಪ್ರೋಗ್ರಾಮನ್ನು ಸಾಲುಸಾಲಾಗಿ ತಿದ್ದಿ ನೋಡಿದೆ. ಥರ್ಮಾಮೀಟರ್ ಬದಲಿಸಿದೆ. ಮೂರು ಡಿಗ್ರಿ ಹೋಗಲಿಲ್ಲ. ಭಾನುವಾರ ನಾನು ಬಂದು ಹೋಗುತ್ತೇನೆ, ಮರುದಿನ ಇವಳು ನೋಡದೆ ಬರೆಯುತ್ತಾಳೆ ಎಂದು ತೀರ್ಮಾನಿಸಿದೆ. ಪತ್ರ ಕೊಡುವುದಿಲ್ಲ ಎಂದು ಒಂದು ಭಾನುವಾರ ಮುಖಕ್ಕೇ ಹೇಳಿದೆ.

"ಕಂಡದ್ದ ಬರದೇನ್ರಿ ಸರ. ಸುಳ್ಳ ಬರದ ನನಗೇನ ಬರೂದೈತ್ರಿ?" ಎಂದಳು. ಕಣ್ಣು ತುಂಬಿದ್ದವು, ದನಿ ಗಟ್ಟಿಯಾಗಿಯೇ ಇತ್ತು.

ಅವಳ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟಳು. "ಐತವಾರ ಬಂದ, ಚಾ ಕುಡದ, ಐತವಾರ ಹೊಕ್ಕೀರಿ. ಸೋಮವಾರದ ಸುದ್ದಿ ನಿಮಗೇನ ಗೊತ್ರಿ? ನಾಳಿ ಬಂದ ಕುಂಡ್ರಿ. ರೊಟ್ಟಿ ನಾವ ಹಾಕ್ತೇವಿ."

ಮರುದಿನ ರಜೆ ಹಾಕಿ ಹೋದೆ. ಬಾಗಿಲು ದಾಟುತ್ತಲೇ ಬಿಸಿಯುಸಿರು ಮುಖಕ್ಕೆ ಬಡಿಯಿತು. ಮನೆಯೊಳಗೇ ದನ ಕಟ್ಟುವ, ಭಾನುವಾರಗಳಂದು ಬರೀ ಗೂಟ ಕಾಣುತ್ತಿದ್ದ ಜಾಗದಲ್ಲಿ ನಾಲ್ಕು ದೊಡ್ಡ ಎತ್ತುಗಳು ಮೆಲುಕು ಹಾಕುತ್ತ ಮಲಗಿದ್ದವು. ಪಡಸಾಲೆ ಅಲ್ಲಿಂದ ಮೂರೇ ಅಡಿ ಮೇಲೆ, ನಡುವೆ ಗೋಡೆಯಿಲ್ಲ. ಎರಡು ಗಂಟೆಗೆ ನಾನೇ ಓದಿದೆ. ಮೂರು ಡಿಗ್ರಿ ಹೆಚ್ಚು.

"ಎತ್ತು ಹೊಲಕ್ಕೆ ಹೋಗಿಲ್ಲವೇ?" ಎಂದೆ.

"ಸೋಮಾರ ಬಸವಣ್ಣನ ಕೊಳ್ಳಿಗೆ ನೊಗಾ ಇಡತಾರೇನ್ರಿ? ಸೂಟಿ ನಿಮಗಷ್ಟ ಐತೇನು?" ಎಂದು ಅತ್ತೆ ನಕ್ಕಳು.

ಸೋಮವಾರ ಎತ್ತು ಹೂಡುವುದಿಲ್ಲ ಎಂಬುದು ಈ ಭಾಗದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಉಳಿದ ದಿನ ಅವು ಹಗಲು ಹೊಲದಲ್ಲಿ, ಬೇಸಿಗೆಯ ರಾತ್ರಿ ಅಂಗಳದಲ್ಲಿ. ಸೋಮವಾರ ಮಾತ್ರ ಬಿಸಿಲಿಗೆ ಒಳಗೆ ಕಟ್ಟುತ್ತಿದ್ದರು. ಒಲೆಯನ್ನೂ ಮನೆಮಂದಿಯನ್ನೂ ಲೆಕ್ಕಕ್ಕೆ ಹಿಡಿದಿದ್ದ ನಾನು ಎತ್ತುಗಳ ಮೈಶಾಖವನ್ನು ಬಿಟ್ಟಿದ್ದೆ. ಅದನ್ನು ಸೇರಿಸಿದ ಮೇಲೆ ಅಂತರ ಅರ್ಧ ಡಿಗ್ರಿಗೆ ಇಳಿಯಿತು.

ಮುಂದಿನ ಭಾನುವಾರ ಪತ್ರ ಒಯ್ದೆ. ಅವಳ ಶಿಸ್ತು, ನಿಖರತೆ ಬರೆದು, ಅವಳ ಮೇಲೆ ಬಂದ ಸಂಶಯ ನನ್ನದೇ ತಪ್ಪಿನಿಂದ ಹುಟ್ಟಿದ್ದೆಂದು ಕೊನೆಗೆ ಸೇರಿಸಿದ್ದೆ. ಅವಳು ಎರಡು ಸಲ ಓದಿದಳು.

"ಕಡೀ ಸಾಲ ತಗೀರಿ ಸರ. ಸಂಶಯ ಅಂತ ಓದಿದವರು ಮುಂದಿಂದ ಓದಂಗಿಲ್ಲ."

ಅಲ್ಲೇ ಪಡಸಾಲೆಯಲ್ಲಿ ಕೂತು, ಆ ಸಾಲು ಬಿಟ್ಟು, ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ.