ಉಳಿದ ಬೆಲ್ಲದ ನೀರು

ಮೊನ್ನೆ ಮಡಗಾಂವ್ ಮಾರ್ಕೆಟ್ಟಿನಲ್ಲಿ ಮಳೆಗೆ ಕರಗಿದ ಬೆಲ್ಲದ ಪೆಂಟಿಯೊಂದನ್ನು ಅಂಗಡಿಯವನು ಗಟಾರದ ಬದಿಗೆ ಎಸೆದಿದ್ದ. ಅದರ ಹುಳಿ ವಾಸನೆ ಮೂಗಿಗೆ ಬಡಿಯಿತು. ಚೌಕಾಸಿಯನ್ನು ಅರ್ಧಕ್ಕೆ ಬಿಟ್ಟು ಹೊರಟುಬಂದೆ. ಅರ್ಧಕ್ಕೆ ಬಿಡುವವನಲ್ಲ ನಾನು...

ನೆನಪಾದವರು ಗೋಡೆ ಕಟ್ಟುತ್ತಿದ್ದ ನಮ್ಮ ಗೌಂಡಿ ಕಾಕಾ. ವಿಜಾಪುರದ ಕಡೆಯವರು, ಇಲ್ಲೇ ಮಡಗಾಂವಿನ ಮೋತಿ ಡೊಂಗರಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಎರಡು ಸಾವಿರದ ಐದರ ಸುಮಾರಿಗೆ ನಾನು ಬುಟ್ಟಿ ಹೊರುವುದನ್ನು ಬಿಟ್ಟು ಆಗಷ್ಟೇ ಕಂತ್ರಾಟು ಹಿಡಿಯತೊಡಗಿದ್ದೆ. ಹಳೆಯ ಬಂಗಲೆಯೊಂದರ ದುರಸ್ತಿ ಸಿಕ್ಕಿತು. ಗೋಡೆಗೆ ಸುಣ್ಣದ ಗಾರೆಯೇ ಬೇಕೆಂದು ಮನೆಯೊಡತಿಯ ಹಟ. ಕಾಕಾ ಬೆಲ್ಲ ನೆನೆಹಾಕಿದ ನೀರು, ಸಣ್ಣಗೆ ಕತ್ತರಿಸಿದ ತೆಂಗಿನ ನಾರು, ಒಡೆದ ಹೆಂಚಿನ ಪುಡಿ ಬೆರೆಸಿ ಗಾರೆ ಅರೆದರು. ಅವರಪ್ಪ ಕಲಿಸಿದ್ದು. ಒಣಗಿದ ಗೋಡೆಯನ್ನು ಕೆರೆದರೆ ಉಗುರೇ ಸವೆಯಬೇಕು, ಹಾಗಿತ್ತು.

ಗೋಡೆ ಮುಗಿದಾಗ ಎರಡು ಪೀಪಾಯಿ ಬೆಲ್ಲದ ನೀರು ಉಳಿಯಿತು. ಮರುದಿನ ಬಾಗಿಲ ಮೇಲಿನ ಸಜ್ಜಾಕ್ಕೆ ಸಿಮೆಂಟ್ ಕಾಂಕ್ರೀಟು ಹಾಕುವುದಿತ್ತು. ಚೆಲ್ಲುವುದೇಕೆ, ಅದಕ್ಕೇ ಹಾಕಿ ಎಂದೆ. ಸುಣ್ಣವನ್ನು ಗಟ್ಟಿ ಮಾಡಿದ್ದು ಸಿಮೆಂಟನ್ನು ಮಾಡದೆ ಬಿಡುತ್ತದೆಯೇ?

"ಸಿಮೆಂಟಿಗೆ ಬೆಲ್ಲ ಹಾಕಿದವರನ್ನ ನಾ ನೋಡಿಲ್ರಿ ಸಾವಕಾರ್ರ. ಒಂದ್ ಬುಟ್ಟಿ ಕಲಸಿ ನಾಕ್ ದಿನ ನೋಡೂಣು."

"ನಾಕ್ ದಿನ ಆಳುಗೋಳು ಕುಂತು ಭಜನಿ ಮಾಡ್ಬೇಕೇನು ಕಾಕಾ? ಹಾಕ್ರಿ."

ಆಳುಗಳು ನಕ್ಕರು. ಕಾಕಾ ಹಾಕಿದರು.

ಸಿಹಿ ಸೇರಿದರೆ ಸಿಮೆಂಟು ಗಟ್ಟಿಯಾಗುವುದಿಲ್ಲವೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಬಿಸಿಲಿಗೆ ಮೇಲ್ಪದರ ಒಣಗಿ ಗಟ್ಟಿಯಾಗಿ ಕಂಡಿತು, ಒಳಗೆಲ್ಲ ಹಸಿ. ಹತ್ತನೆಯ ದಿನ ಆಸರೆಯ ಕಂಬ ಬಿಚ್ಚಲು ಹೇಳಿದೆ. ಕಾಕಾ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, "ಸಪ್ಪಳ ಚಲೋ ಇಲ್ರಿ" ಎಂದರು. ನನಗೆ ಆ ಕಂಬಗಳು ಇನ್ನೊಂದು ಕೆಲಸಕ್ಕೆ ಬೇಕಾಗಿದ್ದವು. ಅವರು ಆಳುಗಳನ್ನೆಲ್ಲ ದೂರ ನಿಲ್ಲಿಸಿ ತಾವೊಬ್ಬರೇ ಕೆಳಗೆ ಹೋದರು.

ಸಜ್ಜಾ ಕಳಚಿ ಬಿತ್ತು. ಕಾಕಾನ ಬಲಗೈ ಮೊಣಕೈವರೆಗೆ ಜಜ್ಜಿಹೋಯಿತು.

ಆಸ್ಪತ್ರೆಗೆ ಬಂದ ಮನೆಯೊಡತಿ, ಕಾಂಕ್ರೀಟಿಗೆ ಬೆಲ್ಲ ಹಾಕಿಸಿದ್ದು ಯಾರೆಂದು ನನ್ನನ್ನೇ ಕೇಳಿದಳು. ಈ ಹಳೆಯ ಗೌಂಡಿಗಳು, ನಾವು ಹೇಳಿದ ಮಾತು ಕೇಳುವುದಿಲ್ಲ ಬಾಯಿಸಾಹೇಬರೇ ಎಂದುಬಿಟ್ಟೆ. ಕಾಕಾಗೆ ಎಚ್ಚರವಿತ್ತು. ನನ್ನನ್ನು ಒಮ್ಮೆ ನೋಡಿ ಗೋಡೆಯ ಕಡೆ ಹೊರಳಿದರು... ಅಷ್ಟೆ.

ಕೈ ಹೋದರೂ ಅವರ ಕಣ್ಣು, ಕಿವಿ ಇದ್ದವು. ಕೂತಲ್ಲೇ ನಾಲ್ಕು ಗೌಂಡಿಗಳಿಂದ ಕೆಲಸ ತೆಗೆಯಬಲ್ಲವರು. ನನ್ನ ಮಾತು ಅದನ್ನೂ ಕಸಿಯಿತು; ನಿಜ ಬಲ್ಲ ಆಳುಗಳಿಗೆ ಕೂಲಿ ಕೊಡುವವನು ನಾನೇ. ಮೋತಿ ಡೊಂಗರಿನಲ್ಲಿ 'ಬೆಲ್ಲದ ಗೌಂಡಿ' ಎಂಬ ಹೆಸರು ಬಿತ್ತು. "ಏನ್ರೀ ಕಾಕಾ, ಇವತ್ತ ಯಾರ ಮನ್ಯಾಗ ಹೋಳಿಗಿ ಕಟ್ಟಾಕತ್ತೀರಿ?" ಎಂದು ಚಹಾದಂಗಡಿಯಲ್ಲಿ ಕೆಣಕುತ್ತಿದ್ದರು. ಎದುರಿಗೇ ಕೂತಿದ್ದ ನಾನು ಬಸಿಯೊಳಗಿನ ಚಹಾ ಊದುತ್ತಿದ್ದೆ. ಮಳೆಗಾಲಕ್ಕೆ ಮುಂಚೆ ಅವರು ಊರಿಗೆ ಹೋದರು. ಎರಡು ವರ್ಷದ ಮೇಲೆ ತೀರಿಕೊಂಡ ಸುದ್ದಿ ಬಂತು.

ಈಗ ಹೊಸದಾಗಿ ಕಂತ್ರಾಟು ಹಿಡಿಯುವ ಹುಡುಗರು ನನ್ನಲ್ಲಿ ಸಲಹೆ ಕೇಳಲು ಬರುತ್ತಾರೆ. ಹಾರುಬೂದಿಯಾಗಲಿ, ಪ್ಲಾಸ್ಟಿಕ್ ಎಳೆಯಾಗಲಿ, ಡಬ್ಬಿಯ ರಾಸಾಯನಿಕವಾಗಲಿ, ಪರೀಕ್ಷಿಸದೆ ಕಾಂಕ್ರೀಟಿಗೆ ಬೆರೆಸಬೇಡಿ ಎನ್ನುತ್ತೇನೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕಳೆದ ವಾರ ಒಬ್ಬ ಕೇಳಿದ. ಖರೇ ಹೇಳಲು ಬಾಯಿ ತೆರೆದೆ.

"ಒಬ್ಬ ಗೌಂಡಿ ತಪ್ಪು ಮಾಡಿದ್ದಪಾ," ಎಂದೆ, "ಅದನ್ನ ನೋಡಿ ಕಲ್ತೆ."