ಕುರ್ಚಿ ಅಕ್ಕನ ಗೇಟಿನ ಮುಂದಿನ ಕಾರು

ಆ ಬೀದಿಯ ಮೂಲೆಮನೆಯವಳನ್ನು ಹೆಸರು ಹಿಡಿದು ಕರೆಯುವವರು ಅವಳ ಗಂಡ ಮತ್ತು ಅತ್ತೆ ಇಬ್ಬರೇ. ಉಳಿದವರಿಗೆಲ್ಲ ಅವಳು ಕುರ್ಚಿ ಅಕ್ಕ. ಬೆತ್ತದ ಕುರ್ಚಿಗಳ ಹರಿದ ಸೀಟು ಬಿಚ್ಚಿ ಹೊಸದಾಗಿ ಹೆಣೆದುಕೊಡುವುದು ಅವಳ ಕೆಲಸ. ಮನೆಯ ಮುಂದಿನ ಜಗಲಿಯೇ ಕಾರ್ಖಾನೆ. ಒಂದು ಟಬ್ಬಿನಲ್ಲಿ ನೀರು, ಅದರಲ್ಲಿ ನೆನೆಯುವ ಬೆತ್ತದ ಸೀಳುಗಳು, ಪಕ್ಕದಲ್ಲಿ ದಬ್ಬಳ, ಇಕ್ಕಳ, ಎಳೆದ ಸೀಳು ಜಾರದಂತೆ ತೂತಿಗೆ ತುರುಕುವ ಮರದ ಸಣ್ಣ ಗೂಟಗಳು. ಗಂಡ ಲಿಫ್ಟ್ ರಿಪೇರಿ ಮಾಡುವವನು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಅತ್ತೆಗೆ ಎಂಬತ್ತು ದಾಟಿದೆ. ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು.

ಕುರ್ಚಿ ಅಕ್ಕನಿಗೆ ಒಂದು ಗುಣವಿತ್ತು. ಕುರ್ಚಿ ಬಂದರೆ ಸಾಲದು, ಅದರ ಕಥೆಯೂ ಬರಬೇಕು. ಇದರ ಎಡಗಡೆಯೇ ಯಾಕೆ ಮೊದಲು ಹರಿದಿದೆ, ಇದರಲ್ಲಿ ಯಾರು ಕೂರುತ್ತಿದ್ದರು, ಕೂತು ಏನು ಮಾಡುತ್ತಿದ್ದರು? "ನಮ್ಮ ಸೊಸೆ ಕರೆಂಟ್ ಬಿಲ್ ಕೊಡೋಕೆ ಬಂದವನ ಹತ್ರಾನೂ ಅವನ ಮನೆ ಕಥೆ ಇಸ್ಕೊಂಡೇ ಕಳಿಸೋದು" ಎಂದು ಅತ್ತೆ ಹಂಗಿಸುತ್ತಿದ್ದರು. ಆದರೆ ಆ ಕಥೆ ಕೇಳಲು ತಾವೂ ಒಳಗಿನಿಂದ ಬಾಗಿಲ ಹತ್ತಿರಕ್ಕೆ ಸರಿದು ಕೂರುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಗೇಟು ತೆರೆದು ಒಬ್ಬ ಉದ್ದನೆಯ ಮನುಷ್ಯ ಒಳಗೆ ಬಂದ. ಕೈಯಲ್ಲಿ ಹೆಲ್ಮೆಟ್ಟು.

"ಕಾರು ನೋಡೋಕೆ ಬಂದೆ ಮೇಡಂ."

"ಯಾವ ಕಾರು?"

"ಅದೇ, ಬಿಳೀದು. ಅಡ್ವಾನ್ಸ್ ಕಳಿಸಿದೀನಲ್ಲ, ಹದಿನೈದು ಸಾವಿರ."

"ನಮ್ಮನೇಲಿ ಸೈಕಲ್ಲೂ ಇಲ್ಲವಲ್ಲಪ್ಪ."

ಅವನು ನಕ್ಕ. ಅದು ನಂಬದವನ ನಗು. ದೂರದಿಂದಲೇ ಫೋನು ತೋರಿಸಿದ. ಬಿಳಿಯ ಕಾರು, ಅದರ ಹಿಂದೆ ಹಸಿರು ಗೇಟು. ಗೇಟು ತನ್ನದೇ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಕೆಳಗಿನ ಕೀಲು ಮುರಿದದ್ದಕ್ಕೆ ಅವಳೇ ಬೆತ್ತದ ಸೀಳು ಸುತ್ತಿ ಕಟ್ಟಿದ್ದು ಚಿತ್ರದಲ್ಲೂ ಕಾಣುತ್ತಿತ್ತು. ಅವನು ಮನೆಯ ಪಕ್ಕಕ್ಕೆ ಹೋಗಿ ಇಣುಕಿದ, ಹಿತ್ತಲಿಗೂ ಹೋಗಿ ಬಂದ. ಅಲ್ಲಿದ್ದದ್ದು ಬಟ್ಟೆ ಒಣಗುವ ತಂತಿ, ಎರಡು ಮುರುಕಲು ಕುರ್ಚಿ ಅಷ್ಟೇ. "ನಿಮ್ಮ ಮನೆ ಹಿರಿಯರನ್ನ ಕರೀರಿ" ಎಂದ. ಅತ್ತೆ ಹೊರಗೆ ಬಂದು ಕಾರಿಲ್ಲ ಎಂದಾಗ ಅವನ ಮುಖದಲ್ಲಿ ವಿಚಿತ್ರವಾದ ಒಂದು ಸಮಾಧಾನ ಮೂಡಿತು. "ಸರಿ ಅಜ್ಜಿ, ನಿಮ್ಮ ಹುಡುಗನ ಹತ್ರಾನೇ ಮಾತಾಡ್ತೀನಿ" ಎಂದು ಹೊರಟೇಹೋದ.

ಸಂಜೆ ಗಂಡನಿಗೆ ಹೇಳಿದರೆ ಅವನು, "ಯಾವನೋ ಟೋಪಿ ಹಾಕಿಸಿಕೊಂಡಿದಾನೆ. ಊರ ಉಸಾಬರಿ ನಿನಗ್ಯಾಕೆ?" ಎಂದು ಕಾಲು ತೊಳೆಯಲು ಹೋದ. ಕುರ್ಚಿ ಅಕ್ಕನ ತಲೆಗೆ ಮಾತ್ರ ಹುಳ ಹೊಕ್ಕಿತ್ತು. ಟೋಪಿ ಹಾಕಿದವನು ಯಾರೋ ಇರಲಿ, ಆ ಕಾರು ಯಾರದು? ತನ್ನ ಗೇಟಿನ ಮುಂದೆ ಅದು ಯಾವಾಗ ನಿಂತಿತ್ತು? ಬೀದಿಯಲ್ಲಿ ಇಷ್ಟು ಗೇಟುಗಳಿರುವಾಗ ತನ್ನ ಗೇಟೇ ಯಾಕೆ?

ಆ ವಾರ ಇನ್ನಿಬ್ಬರು ಬಂದರು. ಒಬ್ಬ ಜಗಳವಾಡಿ ಹೋದ, ಇನ್ನೊಬ್ಬಳು ಗೇಟಿನಿಂದಲೇ ಅಳುತ್ತ ತಿರುಗಿದಳು. ಇಬ್ಬರನ್ನೂ ಕೂರಿಸಿ ಕೇಳಲು ಆಗಲಿಲ್ಲವೆಂದು ಅವಳಿಗೆ ಕೆಲಸದ ನಡುನಡುವೆ ಚಡಪಡಿಕೆ.

ಮುಂದಿನ ಶನಿವಾರ ಬಂದವರು ತಂದೆ ಮತ್ತು ಮಗಳು. ತಂದೆ ಮೂವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು ಮಂಡಿ ಸವೆಸಿಕೊಂಡವರು. ಮಗಳು ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದು ತರುವುದು ಅವಳ ಪಾಲಿಗೆ ಬಂದಿತ್ತು. ಎರಡು ಬಸ್ಸು ಬದಲಿಸಿ ಬಂದಿದ್ದ ತಂದೆಯ ಕಂಕುಳಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೊಡ್ಡ ಕಟ್ಟು.

"ಅದೇನದು?" ಎಂದು ಕುರ್ಚಿ ಅಕ್ಕ ಕೇಳಿದಳು. ಕಾರಿಲ್ಲ ಎಂದು ಹೇಳುವ ಮೊದಲೇ ಕೇಳಿದಳು. ಆಮೇಲೆ ಅದಕ್ಕಾಗಿ ತನ್ನನ್ನೇ ಬೈದುಕೊಂಡಳು.

"ಸೀಟ್ ಕವರ್ರಮ್ಮ. ಹೋಗ್ತಾ ಹಾಕ್ಕೊಂಡೇ ಹೋಗೋಣ ಅಂತ" ಎಂದರು ತಂದೆ.

ಬಾಗಿಲ ಬಳಿ ಕೂತಿದ್ದ ಅತ್ತೆಯ ಬಾಯಿ ಸುಮ್ಮನಿರಲಿಲ್ಲ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು" ಎಂದುಬಿಟ್ಟರು. ಮಗಳಿಗೆ ಅಲ್ಲೇ ಅರ್ಥವಾಯಿತು. ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಾಳೆಂದುಕೊಂಡರೆ, ಅವಳಿಗೆ ನಗು ಬಂತು. ತಡೆಯಲಾರದ, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ತಂದೆ ಮಾತ್ರ ಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದರು.

ಕುರ್ಚಿ ಅಕ್ಕ ಇಬ್ಬರಿಗೂ ನೀರು ಕೊಟ್ಟಳು. ಹೆಣೆದು ಮುಗಿದಿದ್ದ ಗಟ್ಟಿ ಕುರ್ಚಿ ನೋಡಿ ತಂದೆಯನ್ನು ಕೂರಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಹುಡುಗಿಯ ಪಕ್ಕದಲ್ಲಿ ಕೂತು, ವಾರದಿಂದ ಗಂಟಲಲ್ಲಿದ್ದದ್ದನ್ನು ಕೇಳಿದಳು.

"ತಪ್ಪು ತಿಳೀಬೇಡಮ್ಮ. ನಿನ್ನ ಆಡಿಕೊಳ್ಳೋಕೆ ಕೇಳ್ತಿಲ್ಲ. ಕಣ್ಣಲ್ಲಿ ನೋಡದೇ ಇರೋದಕ್ಕೆ ದುಡ್ಡು ಕೊಡೋ ಮನಸ್ಸು ಹೇಗೆ ಬಂತು?"

ಹುಡುಗಿ ಯೋಚಿಸಿದಳು. "ಅವನು ಕೇಳಲೇ ಇಲ್ಲ ಅಕ್ಕಾ. ಅದೇ ನೋಡಿ ಮಜಾ. ನಾನೇ ಕಳಿಸಲಾ ಅಂದೆ. ಬೇಡ, ಮೊದಲು ಬಂದು ನೋಡಿ, ಆದ್ರೆ ಭಾನುವಾರ ಮೂರು ಜನ ಬರ್ತಿದಾರೆ, ಅವರಲ್ಲಿ ಯಾರಾದ್ರೂ ತಗೊಂಡ್ರೆ ಬೇಜಾರು ಮಾಡ್ಕೋಬೇಡಿ ಅಂದ. ಬೆಲೆಯೂ ಬೇರೆ ಕಡೆಗಿಂತ ಕಮ್ಮಿ. ಅಪ್ಪನ ಮಂಡಿ ನೋವು, ನನ್ನ ಕೆಲಸ, ಎಲ್ಲ ವಿಚಾರಿಸ್ದ. ಅವನೇ ಬೇಡ ಬೇಡ ಅಂತಿದ್ರೆ ನಾನೇ ಬಲವಂತ ಮಾಡಿ ಇಪ್ಪತ್ತು ಸಾವಿರ ಹಾಕ್ದೆ, ಕಾರು ಹಿಡಿದಿಡಿ ಅಂತ."

"ಕಾರು ಇಲ್ಲಿದೆ ಅಂತ ಅವನೇ ಹೇಳಿದ್ನಾ?"

"ಹೂಂ. ನನಗೆ ಬೇರೆ ಊರಿಗೆ ವರ್ಗ ಆಗಿದೆ, ಕಾರು ನಮ್ಮ ಅಜ್ಜಿ ಮನೆ ಮುಂದೆ ಇದೆ ಅಂದ. ಮತ್ತೆ..." ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಜ್ಜಿಗೆ ಮರೆವು, ಕಾರೇ ಇಲ್ಲ ಅಂದ್ರೂ ಅನ್ನಬಹುದು, ಮನಸ್ಸಿಗೆ ಹಚ್ಕೋಬೇಡಿ ಅಂದ."

ಉದ್ದನೆಯ ಮನುಷ್ಯನ ಆ ಸಮಾಧಾನದ ಮುಖ ಕುರ್ಚಿ ಅಕ್ಕನಿಗೆ ಈಗ ಅರ್ಥವಾಯಿತು. ಅತ್ತೆಗೆ ಅರ್ಥವಾದದ್ದು ಬೇರೆ.

"ನನಗೆ ಮರೆವಾ? ಯಾವನವನು ಹೇಳಿದ್ದು? ಇವಳು ಮದುವೆಯಾಗಿ ಬಂದ ದಿನ ಸಾರಿಗೆ ಉಪ್ಪು ಹಾಕಿರಲಿಲ್ಲ, ಅದೂ ಜ್ಞಾಪಕ ಇದೆ ನನಗೆ!"

"ಅದನ್ನಾದ್ರೂ ಮರೀಬಾರದಾ ಅತ್ತೆ?" ಎಂದಳು ಸೊಸೆ. ಲೇತ್ ಕೆಲಸದ ತಂದೆ ಅಂದು ಮೊದಲ ಬಾರಿಗೆ ನಕ್ಕರು.

ಹುಡುಗಿ ಫೋನು ಕೈಗೆ ಕೊಟ್ಟು, ಬೆರಳಲ್ಲಿ ಚಿತ್ರ ದೊಡ್ಡದು ಮಾಡುವುದನ್ನು ತೋರಿಸಿದಳು. ಕುರ್ಚಿ ಅಕ್ಕ ಕಾರನ್ನು ನೋಡಲೇ ಇಲ್ಲ. ಕಾರಿನ ಆಚೆ, ಕಾಂಪೌಂಡಿನ ಬುಡದಲ್ಲಿ, ಬಿಸಿಲಿಗೆ ಒಣಗಲು ಸಾಲಾಗಿ ನಿಲ್ಲಿಸಿದ್ದ ಕುರ್ಚಿಗಳನ್ನು ನೋಡಿದಳು. ಒಂದು, ಎರಡು, ಐದು. ಬೆನ್ನು ಕಮಾನಿನಂತೆ ಬಾಗಿದ, ಅಂಚಿಗೆ ಜೋಡಿ ಎಳೆ ಕಟ್ಟಿದ ಕುರ್ಚಿಗಳು. ಅವಳಿಗೆ ಮುಖ ಮರೆಯುತ್ತಿತ್ತು, ಕುರ್ಚಿ ಮರೆಯುತ್ತಿರಲಿಲ್ಲ.

"ಅಯ್ಯೋ, ಇವು ಕನ್ನಡಕದ ಅಂಗಡಿಯವರವು! ಹೋದ ವರ್ಷದವು!"

ಮೂವರೂ ಆಗಲೇ ಹೊರಟರು. ಕನ್ನಡಕದ ಅಂಗಡಿ ನಾಲ್ಕು ಬೀದಿ ಆಚೆ. ಅದೇ ಕುರ್ಚಿಗಳ ಮೇಲೆ ಗಿರಾಕಿಗಳು ಕೂತಿದ್ದರು. ಅಂಗಡಿಯವರು ಫೋನಿನ ಚಿತ್ರ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

"ಇದು ನನ್ನ ಕಾರೇ. ಮಾರಿ ಒಂದು ವರ್ಷದ ಮೇಲಾಯ್ತಲ್ಲಮ್ಮ."

"ನಮ್ಮ ಗೇಟಿನ ಮುಂದೆ ಯಾಕೆ ಫೋಟೋ ತೆಗೆದ್ರಿ?"

ಅವರು ತಪ್ಪು ಮಾಡಿದ ಮಗುವಿನಂತೆ ಕುತ್ತಿಗೆ ಕೆರೆದುಕೊಂಡರು. "ಕುರ್ಚಿ ತಗೊಂಡು ಹೋಗೋಕೆ ಬಂದಿದ್ದೆ. ಕೊನೇ ಕುರ್ಚಿ ಅಂಚು ಕಟ್ತಾ ಇದೀನಿ, ಹತ್ತು ನಿಮಿಷ ಅಂತ ಕೂರಿಸಿದ್ರಲ್ಲ, ಮುಕ್ಕಾಲು ಗಂಟೆ ಆಯ್ತು. ಬೆಳಕು ಚೆನ್ನಾಗಿತ್ತು. ಸುಮ್ಮನೆ ಕೂರೋ ಬದಲು ಫೋಟೋ ತೆಗೆದು ಅಲ್ಲಿಂದಲೇ ಜಾಹೀರಾತು ಹಾಕಿದೆ. ಫೋನೇ ನಿಮ್ಮ ಬೀದಿ ವಿಳಾಸ ಬರ್ಕೊಂಡಿತ್ತು. ಮಾರಿದ ಮೇಲೆ ತೆಗೆಯೋಕೆ ಮರೆತೆ."

ಯಾರೋ ಆ ಹಳೆಯ ಜಾಹೀರಾತನ್ನು ಚಿತ್ರ, ವಿಳಾಸದ ಸಮೇತ ಎತ್ತಿ, ಫೋನ್ ನಂಬರು ಮಾತ್ರ ಬದಲಿಸಿದ್ದ. ಇಷ್ಟೇ. ತನ್ನ ಗೇಟನ್ನು ಯಾರೂ ಹುಡುಕಿ ಆರಿಸಿಕೊಂಡದ್ದಲ್ಲ ಎಂದು ತಿಳಿದಾಗ ಕುರ್ಚಿ ಅಕ್ಕನಿಗೆ ನೆಮ್ಮದಿಯಾಯಿತು. ಒಳಗೊಳಗೆ ಸ್ವಲ್ಪ ಸಪ್ಪೆಯೂ ಅನ್ನಿಸಿತು.

ಹುಡುಗಿ ಅಂಗಡಿಯಿಂದಲೇ ಬ್ಯಾಂಕಿಗೆ ಫೋನು ಮಾಡಿದಳು. ಅಲ್ಲಿಂದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಬರೆದುಕೊಳ್ಳುತ್ತಿದ್ದ ಪೊಲೀಸಿನವನು, "ಆರ್‌ಸಿ ಕೇಳಿದ್ರಾ? ಯಾರ ಹೆಸರಲ್ಲಿದೆ ನೋಡಿದ್ರಾ? ವಿಡಿಯೋ ಕಾಲ್‌ನಲ್ಲಿ ಕಾರು ತೋರಿಸು ಅಂದ್ರಾ?" ಎಂದು ಕೇಳುತ್ತಾ ಹೋದ. ಪ್ರತಿಯೊಂದಕ್ಕೂ ಹುಡುಗಿ ಇಲ್ಲ ಎನ್ನುತ್ತಾ ಹೋದಳು. ಆ ಪ್ರಶ್ನೆಗಳನ್ನು ಪಕ್ಕದಲ್ಲಿ ನಿಂತಿದ್ದ ಕುರ್ಚಿ ಅಕ್ಕ ಒಂದೊಂದಾಗಿ ಬಾಯಿಪಾಠ ಮಾಡಿಕೊಂಡಳು.

ಎರಡು ದಿನ ಕಳೆದ ಮೇಲೆ ಅವಳು ಜಾಹೀರಾತಿನಲ್ಲಿದ್ದ ಆ ನಂಬರಿಗೆ ತಾನೇ ಫೋನು ಮಾಡಿದಳು. ಗಂಡ ಬೇಡವೆಂದಿದ್ದ. ಅತ್ತೆ ಸ್ಪೀಕರ್ ಹಾಕು ಎಂದಿದ್ದರು.

ದನಿ ಮೃದುವಾಗಿತ್ತು. ಕಾರಿದೆ ಮೇಡಂ, ಆದರೆ ಮೂವರು ಕೇಳ್ತಿದಾರೆ ಎಂದ.

"ನಾನು ನೋಡಬೇಕಲ್ಲಪ್ಪ. ಅಲ್ಲಿರೋರಿಗೆ ಹೇಳಿ ಎಂಜಿನ್ ಆನ್ ಮಾಡಿಸಿ ಈಗಲೇ ವಿಡಿಯೋದಲ್ಲಿ ತೋರಿಸ್ತೀರಾ?"

"ಅಜ್ಜಿ ಒಬ್ಬರೇ ಇರೋದು ಮೇಡಂ. ವಯಸ್ಸಾಗಿದೆ, ಸ್ವಲ್ಪ ಮರೆವು..."

"ಮರೆವು ನಿಮ್ಮಜ್ಜಿಗೆ ಕಣೋ!" ಎಂದು ಅತ್ತೆ ಫೋನಿಗೇ ಬಾಯಿ ಹಾಕಿದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಕುರ್ಚಿ ಅಕ್ಕ ಹೇಳಿದಳು, "ಹಸಿರು ಗೇಟಿನ ಮನೆಯವಳು ನಾನು. ಗೇಟಿನ ಒಳಗೇ ಕೂತು ಮಾತಾಡ್ತಿದೀನಿ." ಕಾಲ್ ಕಟ್ಟಾಗುತ್ತದೆ ಎಂದುಕೊಂಡಳು. ಕಟ್ಟಾಗಲಿಲ್ಲ. ಅದೇ ಮೃದು ದನಿ ಕೇಳಿತು.

"ಎಷ್ಟು ಜನ ಬಂದಿದ್ರು ಅಕ್ಕಾ?"

ಅವಳಿಗೆ ಬೈಯುವುದು ಮರೆತುಹೋಯಿತು. ಅವನು ಎಲ್ಲೋ ಕೂತು ಮಾತಿನಲ್ಲಿ ಕಳಿಸುತ್ತಿದ್ದವರು ಇಲ್ಲಿಗೆ ನಿಜವಾಗಿ ಬಂದು ನಿಲ್ಲುತ್ತಿದ್ದರು. ಅದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

"ಐದು ಜನ. ಒಬ್ಬಳು ಗೇಟ್ ಹತ್ರಾನೇ ಅತ್ತು ಹೋದಳು. ಒಬ್ಬರಿಗೆ ಮಂಡಿ ನೋವು, ಎರಡು ಬಸ್ ಹತ್ತಿ ಬಂದ್ರು, ಸೀಟ್ ಕವರ್ ತಂದಿದ್ರು. ಅವರ ದುಡ್ಡು ವಾಪಸ್ ಕೊಡ್ತೀಯೇನಪ್ಪ?"

ಫೋನು ಕಟ್ಟಾಯಿತು. ಮತ್ತೆ ಆ ನಂಬರು ಹತ್ತಲಿಲ್ಲ.

ಅವನು ಯಾರು, ಯಾಕೆ ಹಾಗೆ ಕೇಳಿದ ಎಂಬುದು ತಿಳಿಯಲೇ ಇಲ್ಲ. ಪಶ್ಚಾತ್ತಾಪವೋ, ಲೆಕ್ಕವೋ, ಬರೀ ಕುತೂಹಲವೋ ಎಂದು ಅತ್ತೆ ಸೊಸೆ ತಿಂಗಳುಗಟ್ಟಲೆ ವಾದ ಮಾಡಿದರು. ಕನ್ನಡಕದ ಅಂಗಡಿಯವರು ತಮ್ಮ ಚಿತ್ರಗಳೆಂದು ಪುರಾವೆ ಕೊಟ್ಟು ಜಾಹೀರಾತು ತೆಗೆಸಿದರು. ಹುಡುಗಿ ಅಂದೇ ಬ್ಯಾಂಕಿಗೆ ಹೇಳಿದ್ದರಿಂದ ಆ ಖಾತೆಯಲ್ಲಿ ಉಳಿದಿದ್ದ ಆರು ಸಾವಿರ ತಡೆದಿಟ್ಟು, ಎಷ್ಟೋ ಓಡಾಟದ ಮೇಲೆ ಅವಳಿಗೆ ಕೊಟ್ಟರು. ಮಿಕ್ಕದ್ದು ನೀರಿನಲ್ಲಿ ಹೋಮವಾಯಿತು.

ಜಾಹೀರಾತು ಹೋದ ಮೇಲೂ ಒಬ್ಬ ಬಂದ. ಗೋಡೆಗೆ ಬಣ್ಣ ಬಳಿಯುವವನು, ಬೆರಳ ಸಂದಿಯಲ್ಲಿ ಇನ್ನೂ ಸುಣ್ಣ. ಚಿತ್ರವನ್ನು ಮೊದಲೇ ಫೋನಿನಲ್ಲಿ ಇಟ್ಟುಕೊಂಡಿದ್ದನಂತೆ.

"ದುಡ್ಡೆಷ್ಟು ಕೊಟ್ಟಿದೀರಿ?" ಎಂದು ಕುರ್ಚಿ ಅಕ್ಕ ಎದ್ದು ನಿಂತೇ ಕೇಳಿದಳು.

"ಕೊಟ್ಟಿಲ್ಲಮ್ಮ. ನೋಡದೆ ಹೇಗೆ ಕೊಡೋದು?"

ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ. ಅವನನ್ನು ಕೂರಿಸಿ, "ಅವನು ಮೂರು ಜನ ಬರ್ತಿದಾರೆ ಅನ್ನಲಿಲ್ವಾ? ನಿಮಗೆ ಆಸೆ ಆಗಲಿಲ್ವಾ?" ಎಂದು ಕೆದಕಿ ಕೆದಕಿ ಕೇಳಿದಳು.

"ಆಸೆ ಆಗದೇ ಇರುತ್ತಾ? ಆದ್ರೆ ನನ್ನ ಹೆಂಡತಿ ಬದನೆಕಾಯೀನೂ ಒತ್ತಿ ನೋಡದೆ ತಗೊಳೋಳಲ್ಲ. ದುಡ್ಡಿರೋದು ಅವಳ ಹತ್ರ."

ಮಳೆಗಾಲ ಮುಗಿದ ಮೇಲೆ ಲ್ಯಾಬಿನ ಹುಡುಗಿ ಫೋನು ಮಾಡಿದಳು. "ಅಕ್ಕಾ, ನಾಳೆ ಒಂದು ಕಾರು ನೋಡೋಕೆ ಹೋಗ್ತಿದೀವಿ. ನೀವೂ ಬರ್ತೀರಾ?"

"ನನಗೆ ಕಾರಿನ ಗಂಧಗಾಳಿ ಗೊತ್ತಿಲ್ಲವಲ್ಲೇ."

"ಕಾರು ಅಪ್ಪ ನೋಡ್ತಾರೆ. ನೀವು ಬಂದು ಕೇಳಿ ಸಾಕು."

ಮೊದಲ ಎರಡು ಕಡೆ ಕೇಳಿ ಕೇಳಿಯೇ ಮಾಲೀಕರಿಗೆ ಸಾಕಾಗಿಹೋಯಿತು. ಒಬ್ಬನ ಹತ್ತಿರ ಕಾಗದ ಅಣ್ಣನ ಹೆಸರಲ್ಲಿತ್ತು, ಅಣ್ಣ ಎಲ್ಲಿದ್ದಾನೆಂದು ಕೇಳಿದರೆ ಅವನು ಮಾತು ಬದಲಿಸಿದ. ಮೂರನೆಯದು ಒಬ್ಬ ಟೀಚರಮ್ಮನ ಕಾರು. ತಂದೆ ಬಾನೆಟ್ ಎತ್ತಿಸಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತರು. ಮಗಳು ಎಂಜಿನ್ ನಂಬರನ್ನು ಆರ್‌ಸಿಯ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿದಳು. ಕುರ್ಚಿ ಅಕ್ಕ ಟೀಚರಮ್ಮನ ಜೊತೆ ಮೆಟ್ಟಿಲ ಮೇಲೆ ಕೂತಳು.

"ಚೆನ್ನಾಗೇ ಇದೆಯಲ್ಲ, ಯಾಕೆ ಮಾರ್ತಿದೀರಿ?"

"ಕಣ್ಣು ಮಂಜಾಗ್ತಿದೆಯಮ್ಮ. ಡಾಕ್ಟ್ರು ಓಡಿಸಬೇಡಿ ಅಂದಿದಾರೆ. ಯಾರಿಗೂ ಹೇಳಿಲ್ಲ, ನಿಮಗೇ ಯಾಕೋ ಹೇಳ್ತಿದೀನಿ."

ಕುರ್ಚಿ ಅಕ್ಕ ಆ ಮಾತನ್ನು ಮಾತ್ರ ಮುಂದಕ್ಕೆ ಕೆದಕಲಿಲ್ಲ. ಅವರ ಕೈ ಹಿಡಿದುಕೊಂಡಳು.

ಕಾರು ಅದೇ ಆಯಿತು. ಕಾಗದಪತ್ರ ತನ್ನ ಹೆಸರಿಗೆ ಬದಲಾದ ದಿನ ಹುಡುಗಿ ಓಡಿಸಿದಳು, ತಂದೆ ಅವಳ ಪಕ್ಕದಲ್ಲಿ, ಕುರ್ಚಿ ಅಕ್ಕ ಹಿಂದೆ. ಸಿಗ್ನಲ್ಲಿನಲ್ಲಿ ಎರಡು ಸಲ ಎಂಜಿನ್ ನಿಂತುಹೋಯಿತು. ಹಿಂದಿನ ಬಸ್ಸಿನವನು ಹಾರ್ನ್ ಬಜಾಯಿಸಿದ. "ಹ್ಯಾಂಡ್‌ಬ್ರೇಕ್, ಹ್ಯಾಂಡ್‌ಬ್ರೇಕ್!" ಎಂದು ತಂದೆ ಕೂಗಿದರು. "ತೆಗೆದಿದೀನಪ್ಪ, ನೀವು ಸುಮ್ಮನಿರಿ!" ಎಂದಳು ಮಗಳು.

"ಅದೇನದು ಹ್ಯಾಂಡ್‌ಬ್ರೇಕ್ ಅಂದ್ರೆ?" ಎಂದು ಕುರ್ಚಿ ಅಕ್ಕ ಹಿಂದಿನಿಂದ ಇಬ್ಬರ ನಡುವೆ ತಲೆ ತೂರಿಸಿದಳು.