ನೀ ಬಂದಾಗ ಯಾರ್ಯಾರು ನಿಂತಿದ್ದರು

ಜಪಾನಿಗೆ ಬಂದ ಹನ್ನೊಂದನೆಯ ದಿನ, ಎಂಬತ್ತಾರು ವರ್ಷದ ಮುದುಕರೊಬ್ಬರು ನನ್ನ ಕೈಯಲ್ಲಿದ್ದ ಗಂಜಿಯ ಚಮಚವನ್ನು ಪಕ್ಕಕ್ಕೆ ಸರಿಸಿ ಕೇಳಿದರು: “ಏಳನೇ ಇನ್ನಿಂಗ್ಸ್. ನಾವು ಎರಡು ರನ್ ಮುಂದ ಅದೀವಿ. ಮೂರೂ ಕಡೆ ಅವರ ಮಂದಿ ನಿಂತಾರ. ನೀ ಯಾರನ್ನ ಇಳಸ್ತಿ?”

ಕಿಟಕಿಯ ಹೊರಗೆ ಎದೆಮಟ್ಟ ಹಿಮ. ಸವದತ್ತಿ ತಾಲೂಕಿನಲ್ಲಿ ಹುಟ್ಟಿ, ಬೈಲಹೊಂಗಲದ ಬಸ್ಸಿನಲ್ಲಿ ಜೋತಾಡುತ್ತ ಮೂರು ವರ್ಷ ಕಾಲೇಜಿಗೆ ಹೋಗಿ, ನಮ್ಮ ಮನೆತನದಲ್ಲೇ ಮೊದಲು ಪದವಿ ಪಡೆದವಳು ನಾನು. ಅದರ ಮೇಲೆ ಬೆಳಗಾವಿಯಲ್ಲಿ ಜಪಾನಿ ಭಾಷೆ ಕಲಿತು ಎರಡು ಪರೀಕ್ಷೆ ದಾಟಿದ್ದೆ. “ಉಪ್ಪು ಕಡಿಮೆ ಆಯಿತೇ?”, “ಎಲ್ಲಿ ನೋವು?” ಎಂಬುದೆಲ್ಲ ಬಾಯಿಪಾಠ. ಈ ಪ್ರಶ್ನೆ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವರ ಹೆಸರು ಕುದೋ-ಸಾನ್. ಸಾನ್ ಎಂದರೆ ನಮ್ಮ ‘ಅವರು’ ಇದ್ದಂತೆ, ಮರ್ಯಾದೆಯ ಬಾಲ. ನಾನು ಕೆಲಸ ಮಾಡುವುದು ಉತ್ತರ ಜಪಾನಿನ ಒಂದು ಸಣ್ಣ ಊರಿನ ವೃದ್ಧರ ಆರೈಕೆಯ ಮನೆಯಲ್ಲಿ. ಪುಸ್ತಕದ ಜಪಾನಿ ಇಲ್ಲಿ ನಡೆಯುವುದಿಲ್ಲ. ಟಿವಿಯ ಕನ್ನಡಕ್ಕೂ ನಮ್ಮ ಮನೆಯ ಕನ್ನಡಕ್ಕೂ ಎಷ್ಟು ದೂರವೋ ಇಲ್ಲಿಯೂ ಅಷ್ಟೇ ದೂರ. ಪದದ ಕೊನೆ ನುಂಗುತ್ತಾರೆ, ರಾಜಧಾನಿಯವರು ನಗುತ್ತಾರೆ. ಆರು ತಿಂಗಳ ಮೇಲೆ ಕಿವಿ ತೆರೆದಾಗ ಅವರ ಮಾತು ನನಗೆ ನಮ್ಮ ಮಾತಿನಂತೆಯೇ ಕೇಳತೊಡಗಿತು. ಅದಕ್ಕೇ ಇಲ್ಲಿ ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.

ಇರಲು ಕೊಟ್ಟದ್ದು ಆರು ಚಾಪೆಯ ಕೋಣೆ. ಇಲ್ಲಿ ಕೋಣೆಯನ್ನು ನೆಲಕ್ಕೆ ಹಾಸುವ ಚಾಪೆಗಳಲ್ಲಿ ಅಳೆಯುತ್ತಾರೆ. ಮಲಗುವ ಮುಂಚೆ ನಲ್ಲಿಯ ನೀರನ್ನೆಲ್ಲ ಬಸಿಯಬೇಕು, ಇಲ್ಲದಿದ್ದರೆ ಕೊಳವೆಯೊಳಗೇ ಗಡ್ಡೆಕಟ್ಟಿ ಒಡೆಯುತ್ತದೆ. ನಾವು ಕೊಡ ತುಂಬಿಸಿಟ್ಟು ಮಲಗುವವರು. ಖಾಲಿ ಮಾಡಿ ಮಲಗುವುದು ಕೈಗೆ ಬರಲು ಒಂದು ಚಳಿಗಾಲ ಹಿಡಿಯಿತು. ಜೋಳದ ಹಿಟ್ಟು ಸಿಗಲಿಲ್ಲ. ಇಲ್ಲಿ ಸೋಬಾ ಎಂಬ ಕಪ್ಪು ಕಾಳಿನ ಹಿಟ್ಟಿದೆ, ಅದರಲ್ಲಿ ಶ್ಯಾವಿಗೆ ಮಾಡುತ್ತಾರೆ. ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿದೆ. ಹದಿನಾಲ್ಕು ಮುರಿದವು. ಹದಿನೈದನೆಯದು ಉಬ್ಬಿತು. ಅದನ್ನು ವಿಡಿಯೋ ಮಾಡಿ ಅವ್ವನಿಗೆ ಕಳಿಸಿದರೆ, “ಹಂಚು ಇನ್ನಾ ಕಾಯಬೇಕಾಗಿತ್ತು” ಎಂದಳು.

ಆರೈಕೆಯ ಮನೆಯ ದೊಡ್ಡ ಕೋಣೆಯ ನಡುವೆ ಒಂದು ಒಲೆ ಇದೆ. ಚಳಿಗಾಲದಲ್ಲಿ ಬೇಸ್‌ಬಾಲ್ ಆಟ ಇರುವುದಿಲ್ಲ, ಆಗ ಇಲ್ಲಿಯ ಮುದುಕರು ಒಲೆಯ ಸುತ್ತ ಕುಳಿತು ಮುಂದಿನ ವರ್ಷಕ್ಕೆ ತಂಡ ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ವಾದಿಸುತ್ತಾರೆ. ಇದಕ್ಕೆ ಇಡೀ ದೇಶವೇ ಇಟ್ಟ ಹೆಸರು ಸ್ಟೋವ್ ಲೀಗ್. ನಮ್ಮ ಊರ ಅಗಸಿಯ ಕಟ್ಟೆಯ ಮೇಲೆ, ತೊರಗಲ್ಲಿನ ಪೈಲವಾನನನ್ನು ಈ ಸಲ ಯಾರ ಮೇಲೆ ಬಿಡಬೇಕೆಂದು ಮುದುಕರು ಧೋತರ ಸರಿಸಿಕೊಂಡು ಜಗಳಾಡುವುದನ್ನು ಕಂಡಿದ್ದೆ. ಅಲ್ಲಿಯಂತೆ ಇಲ್ಲಿಯೂ ಮಾತಾಡುವವರು ಯಾರೂ ಆಡುವವರಲ್ಲ. ಅಲ್ಲಿಯಂತೆ ಇಲ್ಲಿಯೂ ಒಬ್ಬರ ಮಾತು ಇನ್ನೊಬ್ಬರು ಕೇಳುವುದಿಲ್ಲ.

ಬೇಸ್‌ಬಾಲ್ ನೋಡದವರಿಗೆ ಇಷ್ಟು ಸಾಕು. ಚೆಂಡು ಹೊಡೆದವನು ಮೂರು ನಿಲ್ದಾಣ ದಾಟಿ, ಹೊರಟ ಜಾಗಕ್ಕೇ ತಿರುಗಿ ಬಂದರೆ ಒಂದು ರನ್. ಹೊರಟ ಜಾಗಕ್ಕೆ ಮನೆ ಎನ್ನುತ್ತಾರೆ. ಚೆಂಡು ಎಸೆಯುವವನು ದಣಿದರೆ ನಡುವೆಯೇ ಕರೆದುಕೊಂಡು ಬದಲಿಯವನನ್ನು ಇಳಿಸುತ್ತಾರೆ. ಅವನು ಬರುವಾಗ ಎದುರಾಳಿಗಳು ಆಗಲೇ ನಿಲ್ದಾಣಗಳಲ್ಲಿ ನಿಂತಿರುತ್ತಾರೆ. ಈ ಬದಲಿಯವನನ್ನು ಹೇಗೆ ಅಳೆಯುವುದು? ನಮ್ಮ ಒಲೆಯ ಸುತ್ತ ಎರಡು ಚಳಿಗಾಲ ಉರಿದದ್ದು ಇದೊಂದೇ ಜಗಳ.

ಬದಲಿ ಎಂಬ ಮಾತು ನನಗೆ ಹೊಸದಲ್ಲ. ಅಪ್ಪ ಎಂ.ಕೆ. ಹುಬ್ಬಳ್ಳಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಪಾಳಿಯ ಕೆಲಸ ಮಾಡಿದವನು. ಬದಲಿಯವನು ಬಾಗಿಲಲ್ಲೇ ಚಪ್ಪಲಿ ಬಿಡುತ್ತ, “ನಡಿಯೋ ಮಾರಾಯಾ, ನಾ ಬಂದೇನಿ” ಎನ್ನಬೇಕು. ಅಪ್ಪ ಏನೂ ಹೇಳದೆ ಟವೆಲ್ ಹೆಗಲಿಗೆ ಹಾಕಿ ಹೊರಡಬೇಕು. ದಣಿದವನನ್ನು ನಿಲ್ಲಿಸಿ ಪ್ರಶ್ನೆ ಕೇಳುವವನು ಮನುಷ್ಯನೇ ಅಲ್ಲ ಎಂಬುದು ನಮ್ಮ ಕಡೆಯ ರೀತಿ. ನಾನು ಅದನ್ನು ಉಂಡು ಬೆಳೆದವಳು.

ಜಪಾನಿನ ರೀತಿ ಬೇರೆ. ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಒಂದೊಂದನ್ನೂ ಓದಿ ಒಪ್ಪಿಸಬೇಕು: ಯಾರು ಎಷ್ಟು ನೀರು ಕುಡಿದರು, ಯಾರು ಎಷ್ಟು ಸಲ ಎದ್ದರು. ಇದಕ್ಕೆ ಮೋಶಿ-ಒಕುರಿ ಎಂದು ಹೆಸರು. ಮೊದಲ ವರ್ಷ ನಾನು ಇದನ್ನು ಪರೀಕ್ಷೆಯಂತೆ ಪಾಲಿಸಿದೆ. ಎರಡನೆಯ ವರ್ಷ ಸಲಿಗೆ ಬಂತು.

ನನಗಿಂತ ಮುಂಚಿನ ಪಾಳಿಯವರು ತಕೆದಾ-ಸಾನ್. ಅರವತ್ತನಾಲ್ಕರ ಹೆಂಗಸು, ಬಲ ಮೊಣಕಾಲು ಊದಿರುತ್ತದೆ. ಅರವತ್ತು ದಾಟಿದವರನ್ನು ಇಲ್ಲಿ ವರ್ಷ ವರ್ಷಕ್ಕೆ ಮುಂದುವರಿಸುತ್ತಾರೆ. ಅವರ ಆ ವರ್ಷದ ಕರಾರು ಮಾರ್ಚಿಗೆ ಮುಗಿಯುತ್ತಿತ್ತು. ಈ ಕೆಲಸ ಬಿಟ್ಟರೆ ಅವರಿಗೆ ಹಗಲು ಮಾತಾಡಿಸುವವರೂ ಇರಲಿಲ್ಲ.

ಫೆಬ್ರುವರಿಯ ಒಂದು ಸಂಜೆ, ನಾಲ್ಕೂವರೆಗೆ ನಾನು ಒಳಗೆ ಬಂದಾಗ ಹಿಮ ಜೋರಾಗಿತ್ತು. ಅವರ ಬಸ್ಸಿಗೆ ಆರು ನಿಮಿಷ. ತಪ್ಪಿದರೆ ಮುಂದಿನದಕ್ಕೆ ನಲವತ್ತು ನಿಮಿಷ. ಅವರು ಪಟ್ಟಿ ತೆರೆದು ಓದಲು ಶುರು ಮಾಡಿದರು. ನಾನು ಪಟ್ಟಿಯನ್ನು ಅವರ ಕೈಯಿಂದಲೇ ತೆಗೆದುಕೊಂಡೆ.

“ನೀವು ನಡೀರಿ. ನಾ ಅದೇನಿ.”

“ಇನ್ನೂ ಎರಡು ಹೇಳೂದೈತಿ, ಮಾದೇವಿ-ಸಾನ್.”

“ನಾ ನೋಡಕೋತೇನಿ. ಬಸ್ ಹೋಗತೈತಿ, ನಡೀರಿ ಅಂದ್ರ.”

ಅವರು ಬಾಗಿ ನಮಸ್ಕರಿಸಿ, ಕಾಲೆಳೆದುಕೊಂಡು ಓಡಿದರು. ಒಳ್ಳೆಯದು ಮಾಡಿದೆ ಎಂದು ನನಗೆ ಹೊಟ್ಟೆ ತಣ್ಣಗಾಯಿತು.

ಕುದೋ-ಸಾನರ ಮಂಚದ ಪಕ್ಕ ಕಾಲೊರಸಿನಂಥ ಒಂದು ಚಾಪೆ ಇರುತ್ತದೆ. ಅವರು ಕಾಲಿಟ್ಟರೆ ನಮ್ಮ ಕಡೆ ಗಂಟೆ ಬಡಿಯುತ್ತದೆ, ನಾವು ಓಡುತ್ತೇವೆ. ಆ ಮಧ್ಯಾಹ್ನ ನೆಲ ಒರೆಸುವಾಗ ತಕೆದಾ-ಸಾನ್ ಅದರ ವೈರು ಕಿತ್ತಿದ್ದರು. ನೆಲ ಹಸಿಯಿತ್ತು, ಒಣಗಿದ ಮೇಲೆ ಹಾಕಲು ನನಗೆ ಹೇಳಬೇಕಿತ್ತು. ಹೇಳಬೇಕಿದ್ದ ಎರಡರಲ್ಲಿ ಅದೊಂದು.

ಐದು ಗಂಟೆಗೆ ಕುದೋ-ಸಾನ್ ಕಪಾಟಿನಲ್ಲಿದ್ದ ತಮ್ಮ ಹಳೆಯ ಸ್ಕೋರು ಪುಸ್ತಕ ತರಲು ಎದ್ದರು. ಗಂಟೆ ಬಡಿಯಲಿಲ್ಲ. ಬಿದ್ದ ಸದ್ದು ಬಂತು. ಎಡ ಮುಂಗೈ ಮುರಿದಿತ್ತು.

ವರದಿಯ ಹಾಳೆಯಲ್ಲಿ ಮೇಲ್ವಿಚಾರಕರು ಬರೆದದ್ದು ಸರಳ: ವೈರು ಕಿತ್ತದ್ದು ಹಗಲು ಪಾಳಿ, ತಿಳಿಸದೆ ಹೋದದ್ದು ಹಗಲು ಪಾಳಿ. ನನ್ನ ಹೆಸರಿನ ಎದುರು ಏನೂ ಇಲ್ಲ. “ನಿನಗ ಹೇಳೇ ಇಲ್ಲ ಅಂದಮ್ಯಾಲ ನಿಂದೇನು ತಪ್ಪು?” ಎಂದರು. ತಕೆದಾ-ಸಾನ್ ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿದರು. ನಾನು ಪಟ್ಟಿ ಕಸಿದುಕೊಂಡದ್ದರ ಬಗ್ಗೆ ಅವರು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದರೆ, ಏಪ್ರಿಲ್‌ನಿಂದ ನನ್ನನ್ನು ಪಾಳಿಯ ಮುಖ್ಯಸ್ಥೆ ಮಾಡುವ ಮಾತಾಗಿತ್ತು. ಹೊರದೇಶದವರಲ್ಲಿ ಮೊದಲನೆಯವಳು. ಅವ್ವ ಈ ಸುದ್ದಿಯನ್ನು ಸಿರಸಂಗಿಯ ಗುಡಿಯಲ್ಲಿ ಕಾಯಿ ಒಡೆಸಿ ಊರಿಗೆಲ್ಲ ಹೇಳಿಯಾಗಿತ್ತು. ಸಾಲೆ ಮೆಟ್ಟಿಲು ಹತ್ತಿದಂದಿನಿಂದ ನನ್ನ ಹಾಳೆಯ ಮೇಲೆ ಕೆಂಪು ಗೆರೆ ಬಿದ್ದಿಲ್ಲ. ನನ್ನಂಥವರಿಗೆ ಹಾಳೆಯೇ ಆಸ್ತಿ. ಮೂರು ದಿನ ನನಗೆ ನಾನೇ ಹೇಳಿಕೊಂಡೆ: ವೈರು ಕಿತ್ತವಳು ನಾನಲ್ಲ.

ನಾಲ್ಕನೆಯ ದಿನ ಕುದೋ-ಸಾನ್ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮತ್ತೆ ಒಲೆಯ ಬಳಿ ಬಂದರು. ನಮ್ಮ ತಂಡ ಹೊಸ ಬದಲಿಯವನೊಬ್ಬನನ್ನು ತೆಗೆದುಕೊಳ್ಳುತ್ತದೆಂಬ ಸುದ್ದಿ ಬಂದಿತ್ತು. ಒಂದು ಕಾಲದಲ್ಲಿ ಮೀನು ಮಾರುತ್ತಿದ್ದ ಓನೋ-ಸಾನ್ ಪತ್ರಿಕೆಯನ್ನು ಅವರ ಮೂಗಿಗೆ ಹಿಡಿದರು.

“ನೋಡೋ ಕುರುಡಾ! ಒಂಬತ್ತು ಇನ್ನಿಂಗ್ಸಿಗೆ ಒಂದು ರನ್ನೂ ಸರಿಯಾಗಿ ಕೊಟ್ಟಿಲ್ಲ. ಇಂಥಾ ಹುಡುಗ ಮತ್ತೆಲ್ಲಿ ಸಿಗತಾನ?”

“ಅಂವಾ ಬಂದಾಗ ಯಾರ್ಯಾರು ನಿಂತಿದ್ರು?” ಕುದೋ-ಸಾನ್ ಕೇಳಿದರು.

“ಯಾರಾರ ನಿಂತಿರಲಿ. ಸಂಖ್ಯೆ ನೋಡು ಸಂಖ್ಯೆ!”

“ಮೀನಿನ ತಕ್ಕಡಿ ಹಿಡದಾಂವ ನೀ, ನಿನಗ ಮುಳ್ಳ ಕಾಣತೈತಿ, ಮೀನ ಕಾಣೂದಿಲ್ಲ. ಕೇಳಿಲ್ಲೆ. ದಣದಾಂವ ಮೂರು ಮಂದೀನ ನಿಲ್ಲಿಸಿ ಹೋಗಿರತಾನ. ನಿನ್ನ ಹುಡುಗ ಬರತಾನ, ಒಂದು ಹೊಡತಾ ತಿಂತಾನ, ಮೂರೂ ಮಂದಿ ಮನಿ ಮುಟ್ಟತಾರ. ಆ ಮೂರು ರನ್ ಯಾರ ಹೆಸರಿಗೆ ಬೀಳತಾವ?”

“ನಿಲ್ಲಿಸಿದಾಂವನ ಹೆಸರಿಗೆ.”

“ಹೌದಲ್ಲ? ಚೆಂಡು ಒಗದಾಂವ ಇಂವಾ. ರನ್ ಬಿದ್ದದ್ದು, ಟವೆಲ್ ಮಾರಿ ಮ್ಯಾಲ ಹಾಕ್ಕೊಂಡು ಮೂಲ್ಯಾಗ ಕುಂತಾನಲ್ಲ, ಅಂವನ ಮ್ಯಾಲ. ನಿನ್ನ ಹುಡುಗನ ಹಾಳಿ ಬೆಳ್ಳಗ ಇರತೈತಿ. ಬೆಳ್ಳಗಿನ ಹಾಳಿ ನೋಡಿ ಬದಲಿಯಾಂವನ್ನ ಕೊಳ್ಳಬಾರದು. ನಾ ನಲವತ್ತು ವರ್ಷ ಸಾಲಿ ಹುಡುಗರ ಆಟದ ಸ್ಕೋರು ಬರದೇನಿ.”

ಓನೋ-ಸಾನ್ ಬೈಯುತ್ತಲೇ ಇದ್ದರು. ನಾನು ಚಹದ ಬಟ್ಟಲು ಹಿಡಿದು ನಿಂತಿದ್ದೆ. ಕುದೋ-ಸಾನರಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ, ಅವರು ಬೇಸ್‌ಬಾಲ್ ಮಾತಾಡುತ್ತಿದ್ದರು ಅಷ್ಟೇ. ಆದರೆ ಆ ಪ್ಲಾಸ್ಟರು ಹಾಕಿದ ಕೈ ಮಾತಿನ ಜೋರಿಗೆ ನನ್ನ ಮುಂದೆಯೇ ಮೇಲೆ ಕೆಳಗೆ ಆಡುತ್ತಿತ್ತು.

ಅದೇ ಸಂಜೆ ಮೇಲ್ವಿಚಾರಕರ ಕೋಣೆಗೆ ಹೋಗಿ, ಪಟ್ಟಿ ಕಸಿದುಕೊಂಡು ತಕೆದಾ-ಸಾನರನ್ನು ಹೊರಗೆ ದಬ್ಬಿದವಳು ನಾನು ಎಂದೆ. ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಆಮೇಲೆ ಹಾಳೆ ಹರಿದು ಹೊಸದು ಬರೆದರು. ಎರಡು ಹೆಸರು.

ತಕೆದಾ-ಸಾನ್ ನನಗೆ ಧನ್ಯವಾದ ಹೇಳುತ್ತಾರೆಂದು ಒಳಗೊಳಗೇ ಕಾದಿದ್ದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಕ್ಕವರು ನನ್ನ ಮುಖ ನೋಡದೆ, “ನೀ ನಡಿ ಅಂದಿ ಖರೆ. ಹೇಳದ ಹೋದಾಕಿ ನಾನ. ನನ್ನ ತಪ್ಪಿನ್ಯಾಗ ಯಾಕ ಪಾಲು ಕೇಳಾಕ ಬಂದಿ?” ಎಂದರು. ಒಂದು ವಾರ ಮಾತಿಲ್ಲ. ಆದರೆ ಮಾರ್ಚಿನಲ್ಲಿ ಅವರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ನನ್ನ ಮುಖ್ಯಸ್ಥೆಯ ಮಾತು ನಿಂತುಹೋಯಿತು. ಅವ್ವನಿಗೆ, “ಮುಂದಿನ ವರ್ಷ ನೋಡೂನು ಅಂದಾರ” ಎಂದೆ. “ಕಾಯಿ ಒಡಸಿ ಆಗೇತಲ್ಲ” ಎಂದಳು ಅವ್ವ, ಅಷ್ಟೇ.

ಆ ತಿಂಗಳ ಕೊನೆಗೆ ಹದಿನೈದು ದಿನ ರಜೆಯ ಮೇಲೆ ಊರಿಗೆ ಬಂದೆ. ಮನೆ ತುಂಬ ಮಂದಿ. ಅಣ್ಣ, ಅವನ ಮಕ್ಕಳು, ಬಂದುಹೋಗುವವರು. ಆಯಿ, ಅಂದರೆ ನನ್ನ ಅಜ್ಜಿ, ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಳ್ಳುವವಳು ಅಣ್ಣನ ಹೆಂಡತಿ, ನಮ್ಮ ವೈನಿ. ಮಧ್ಯಾಹ್ನ ಅವಳ ಕಣ್ಣು ಎಳೆಯುವುದು ನೋಡಿ, “ವೈನಿ, ನೀ ಹೋಗಿ ಅಡ್ಡಾಗು, ನಾ ಕುಂದರತೇನಿ” ಎಂದೆ. ಅವಳು ಏಳುವಷ್ಟರಲ್ಲಿ ನನ್ನ ಬಾಯಿ ತಾನೇ ತೆರೆಯಿತು. ಗುಳಿಗೆ ಎಷ್ಟು ಗಂಟೆಗೆ ಕೊಟ್ಟಿ? ನೀರು ಎಷ್ಟು ಕುಡಿದಳು? ಮಗ್ಗಲು ಯಾವಾಗ ಹೊರಳಿಸಿದಿ?

ವೈನಿ ನಗಲು ನೋಡಿದಳು, ನಗು ಬರಲಿಲ್ಲ. “ಏನವಾ ಮಾದೇವಿ, ನಾಕು ವರ್ಷದಿಂದ ಮಾಡಾಕ ಹತ್ತೇನಿ. ಈಗ ಹಾಜರಿ ತಗೊಳ್ಳಾಕ ಬಂದಿ?”

ಅವ್ವ ಅಡುಗೆಮನೆಯಿಂದಲೇ ಕೂಗಿದಳು: “ನಡಿ ಅಂದಮ್ಯಾಲ ಕಳಸಿಬಿಡಬೇಕ. ನಿಂದರಿಸಿ ಕೇಳೂದು ಯಾವ ಊರಿನ ರೀತಿ?”

ಯಾವ ಊರಿನ ರೀತಿ ಎಂದು ನಾನು ಹೇಳಬಹುದಿತ್ತು. ವೈನಿ ಮಲಗಲು ಹೋಗದೆ ಅಂಗಳದಲ್ಲಿ ಭಾಂಡೆ ತಿಕ್ಕುತ್ತ ಕೂತಳು. ಆಯಿಯ ಮಗ್ಗಲಲ್ಲಿ ಕೂತ ನಾನು ಕಾಲೊರಸು ಎಲ್ಲಿದೆ, ನೆಲ ಹಸಿಯಿದೆಯೇ ಎಂದು ನೋಡುತ್ತಿದ್ದೆ.

ಜಪಾನಿಗೆ ತಿರುಗಿ ಬರುವಷ್ಟರಲ್ಲಿ ಇಲ್ಲಿ ಆಟ ಶುರುವಾಗಿದೆ. ತಂಡ ಬೆಳ್ಳನೆಯ ಹಾಳೆಯ ಹುಡುಗನನ್ನೇ ತೆಗೆದುಕೊಂಡಿದೆ. ಓನೋ-ಸಾನ್ ಗೆದ್ದ ಪೈಲವಾನನಂತೆ ಓಡಾಡುತ್ತಾರೆ. ಕುದೋ-ಸಾನರ ಎಡಗೈ ಇನ್ನೂ ಪುಸ್ತಕ ಹಿಡಿದು ನಿಲ್ಲಿಸುವುದಿಲ್ಲ. ಅದಕ್ಕೇ ಸ್ಕೋರು ಬರೆಯಲು ನನ್ನನ್ನು ಕೂರಿಸಿಕೊಳ್ಳುತ್ತಾರೆ. ಪುಟದ ಅಂಚಿನಲ್ಲಿ ಅವರೇ ಎಳೆದ ಒಂದು ಕಂಬಸಾಲು ಇದೆ, ಬದಲಿಯವನು ಬಂದಾಗ ಯಾರ್ಯಾರು ನಿಂತಿದ್ದರು ಎಂಬುದಕ್ಕೆ. ಅದನ್ನು ತುಂಬುವುದು ನನ್ನ ಕೆಲಸ. ತಪ್ಪು ಬರೆದರೆ ಬೈಯುತ್ತಾರೆ, ಇತ್ತೀಚೆಗೆ ಕಡಿಮೆ.

ಫೆಬ್ರುವರಿಯ ಆ ಸಂಜೆಯ ನಂತರ ಇಲ್ಲೊಂದು ಹೊಸ ನಿಯಮ ಬಂದಿದೆ: ಪಟ್ಟಿ ಪೂರ್ತಿ ಓದಿ ಒಪ್ಪಿಸುವ ತನಕ ಯಾರೂ ಹೊರಡುವಂತಿಲ್ಲ. ಅದು ಯಾರಿಂದ ಬಂತೆಂದು ಎಲ್ಲರಿಗೂ ಗೊತ್ತು. ನಿನ್ನೆ ತಕೆದಾ-ಸಾನ್ ಒಂದೊಂದೇ ಸಾಲು ಓದಿದರು, ನಾನು ಒಂದೊಂದಕ್ಕೂ ಹೂಂಗುಟ್ಟಿದೆ. ಎರಡನೆಯ ಪುಟಕ್ಕೆ ಬರುವಾಗ ಕಿಟಕಿಯ ಹೊರಗೆ ಅವರ ಬಸ್ಸು ಹಾದುಹೋಯಿತು. ಇಬ್ಬರೂ ನೋಡಿದೆವು. ಅವರು ಬೆರಳು ತಪ್ಪಿಸದೆ ಮುಂದಿನ ಸಾಲು ಓದಿದರು. ನಡೀರಿ, ನಾ ಅದೇನಿ ಎನ್ನಬೇಕೆನಿಸಿತು. ಆ ಸಾಲಿಗೂ ಹೂಂಗುಟ್ಟಿದೆ.

ಮುಗಿದ ಮೇಲೆ ಅವರು ಬಾಗಿ ಹೊರಟರು. ಹಿಮ ಕರಗಿದೆ, ಗಾಳಿ ಇನ್ನೂ ಕೊರೆಯುತ್ತದೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವರು ಬಸ್ ನಿಲ್ದಾಣದಲ್ಲಿ ಎಡಗಾಲಿನ ಮೇಲೆ ಭಾರ ಹಾಕಿ ನಿಂತಿದ್ದರು. ನಾನು ಕುದೋ-ಸಾನರ ಚಾಪೆಯ ವೈರು ಮುಟ್ಟಿ ನೋಡಿ, ಮತ್ತೆ ಕಿಟಕಿಗೆ ಬಂದು, ಮತ್ತೆ ವೈರು ಮುಟ್ಟಿ ನೋಡಿ, ಅವರು ಬಸ್ಸು ಹತ್ತುವ ತನಕ ಹೀಗೇ ಓಡಾಡಿದೆ.